ಆನ್‌ಲೈನ್ ಎಡಿಟರ್ ಎಂದರೆ ಯಾರು?

ನಿನ್ನೆ ಬೆಂಗಳೂರಿನ ಒಂದು ವಿಡಿಯೋ ಎಡಿಟಿಂಗ್ ಸ್ಟುಡಿಯೋದಲ್ಲಿ ಹಾರ್ಡ್ ಡಿಸ್ಕಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದ ಕೋಣೆಯಲ್ಲಿ ಸಂದರ್ಶನ ನಡೆಯುತ್ತಿತ್ತು, ಬಾಗಿಲು ತೆರೆದೇ ಇತ್ತು. ಹಾಸನದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದ ಹುಡುಗಿಯೊಬ್ಬಳು, "ಸರ್, ಆನ್‌ಲೈನ್ ಎಡಿಟರ್ ಅಂತ ಹಾಕಿದ್ದೀರಲ್ಲ, ವಾರದಲ್ಲಿ ಎಷ್ಟು ದಿನ ಮನೆಯಿಂದ ಮಾಡಬಹುದು?" ಎಂದು ಕೇಳಿದಳು. ಒಳಗಿದ್ದ ಇಬ್ಬರೂ ಗಟ್ಟಿಯಾಗಿ ನಕ್ಕರು. "ಇಷ್ಟೂ ಗೊತ್ತಿಲ್ಲದೆ ಬಂದ್ಯೇನಮ್ಮಾ?" ಎಂದರು. ಐದು ನಿಮಿಷದಲ್ಲಿ ಆಕೆ ಫೈಲು ಎದೆಗವಚಿಕೊಂಡು ಹೊರಗೆ ಬಂದಳು. ಆ ನಗು ಕೇಳಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆಕೆಗೆ ಆ ಪದದ ಅರ್ಥ ಗೊತ್ತಿರಬೇಕಾಗಿತ್ತು ಎನ್ನಲು ಯಾವ ಕಾರಣವಿದೆ? ಅದು ಇಂಟರ್‌ನೆಟ್ ಮನೆಮನೆಗೆ ಬರುವುದಕ್ಕಿಂತ ಹಿಂದಿನ ಪದ. ಟೇಪಿನ ಕಾಲದಲ್ಲಿ ಮೂಲ ಟೇಪುಗಳನ್ನು ಓಡಿಸುವ ಯಂತ್ರಗಳಿದ್ದ ಕೋಣೆಗೆ ಗಂಟೆ ಲೆಕ್ಕದಲ್ಲಿ ದುಬಾರಿ ಬಾಡಿಗೆ ಕೊಡಬೇಕಾಗಿದ್ದುದರಿಂದ, ಯಾವ ದೃಶ್ಯ ಇರಬೇಕು, ಯಾವುದು ಹೋಗಬೇಕು ಎಂದು ಯೋಚಿಸುವ ಕೆಲಸವನ್ನು ಅಗ್ಗದ ಟೇಪಿಗೆ ಇಳಿಸಿಕೊಂಡ ಪ್ರತಿಯ ಮೇಲೆ, ಬೇರೊಂದು ಕೋಣೆಯಲ್ಲಿ ಮಾಡುತ್ತಿದ್ದರು. ಆ ಪ್ರತಿಯಲ್ಲಿ ಚಿತ್ರದ ಕೆಳಗೆ ಗಂಟೆ, ನಿಮಿಷ, ಸೆಕೆಂಡು, ಫ್ರೇಮುಗಳ ಬಿಳಿ ಅಂಕಿಗಳು ಓಡುತ್ತಿದ್ದವು. ಫ್ರೇಮು ಎಂದರೆ ಒಂದು ಬಿಡಿ ಚಿತ್ರ, ನಮ್ಮ ದೂರದರ್ಶನದ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಆ ಅಂಕಿಗಳ ಪಟ್ಟಿ ಹಿಡಿದು, ದುಬಾರಿ ಕೋಣೆಯಲ್ಲಿ ಮೂಲ ಟೇಪುಗಳಿಂದ ಪ್ರಸಾರಕ್ಕೆ ಹೋಗುವ ಕೊನೆಯ ಟೇಪನ್ನು, ಅಂದರೆ ಮಾಸ್ಟರನ್ನು, ಕಟ್ಟುತ್ತಿದ್ದವರೇ ಆನ್‌ಲೈನ್ ಎಡಿಟರ್. ಕಥೆಯನ್ನು ಕೂಡಿಸಿದವರು ಆಫ್‌ಲೈನ್ ಎಡಿಟರ್. ಸಿನಿಮಾದಲ್ಲಿ ಈ ವಿಂಗಡಣೆ ಅದಕ್ಕೂ ಹಳೆಯದು. ಕನ್ನಡ ಚಿತ್ರಗಳ ಕೆಲಸ ಮದ್ರಾಸಿನ ಲ್ಯಾಬುಗಳಲ್ಲಿ ನಡೆಯುತ್ತಿದ್ದ ದಿನಗಳಲ್ಲಿ ಸಂಕಲನಕಾರರು ಕತ್ತರಿಸುತ್ತಿದ್ದುದು ಮೂಲ ನೆಗೆಟಿವ್‌ನಿಂದ ತೆಗೆದ ಪಾಸಿಟಿವ್ ಪ್ರತಿಯನ್ನು. ಒಂದು ಅಡಿ ಉದ್ದಕ್ಕೆ 16 ಫ್ರೇಮುಗಳಿರುವ 35 ಎಂಎಂ ಫಿಲ್ಮಿನ ಅಂಚಿನಲ್ಲಿದ್ದ ಸಂಖ್ಯೆಗಳನ್ನು ತಾಳೆ ನೋಡಿ, ಮೂಲ ನೆಗೆಟಿವ್‌ಗೆ ಕತ್ತರಿ ಹಾಕುತ್ತಿದ್ದವರು ನೆಗೆಟಿವ್ ಕಟರ್.

1989ರಲ್ಲಿ ಆವಿಡ್ ಎಂಬ ಕಂಪ್ಯೂಟರ್ ಎಡಿಟಿಂಗ್ ವ್ಯವಸ್ಥೆ ಬಂದು ಕೆಲಸ ಕಂಪ್ಯೂಟರಿಗೆ ಹೋಯಿತು, ಟೇಪು ಕ್ರಮೇಣ ಮಾಯವಾಯಿತು, ಹೆಸರುಗಳು ಮಾತ್ರ ಉಳಿದವು. ಈಗಲೂ ಪ್ರಾಕ್ಸಿ ಫೈಲುಗಳ, ಅಂದರೆ ಮೂಲ ಫೈಲುಗಳ ಹಗುರವಾದ ನಕಲುಗಳ ಮೇಲೆ ಆಫ್‌ಲೈನ್ ನಡೆಯುತ್ತದೆ. ಕಟ್ ಲಾಕ್ ಆದ ಮೇಲೆ, ಅಂದರೆ ದೃಶ್ಯಗಳ ಜೋಡಣೆ ಇನ್ನು ಬದಲಾಗುವುದಿಲ್ಲ ಎಂದಾದ ಮೇಲೆ, ಮೂಲ ಫೈಲುಗಳನ್ನು ಜೋಡಿಸಿ, ಗ್ರಾಫಿಕ್ಸ್, ಟೈಟಲ್ ಕೂರಿಸಿ, ಚಾನೆಲ್ ಅಥವಾ ಓಟಿಟಿ ಕೇಳುವ ಅಳತೆಗೆ ತಂದು ಕೊಡುವುದು ಆನ್‌ಲೈನ್. ನಾಲ್ಕು ವಾಕ್ಯದಲ್ಲಿ ಹೇಳಬಹುದಾದ ವಿಷಯವಿದು. ನಗುವುದಕ್ಕೆ ಹಿಡಿದಷ್ಟೇ ಹೊತ್ತು ಹೇಳುವುದಕ್ಕೂ ಸಾಕಾಗಿತ್ತು.

ಹೊರಗೆ ಚಹಾ ಕುಡಿಯುತ್ತ ಆಕೆಯ ಬಯೋಡೇಟಾ ನೋಡಿದೆ. ಎರಡು ವರ್ಷ ಒಂದು ಕಡೆ "ಸೀನಿಯರ್ ಎಡಿಟರ್". ಕೆಲಸ ಏನೆಂದು ಕೇಳಿದರೆ, ಕ್ಯಾಮೆರಾ ಹಿಡಿಯುವುದು, ಕಟ್ ಮಾಡುವುದು, ಬಣ್ಣ ತಿದ್ದುವುದು, ಸಬ್‌ಟೈಟಲ್, ಥಂಬ್‌ನೇಲ್, ಅಪ್‌ಲೋಡ್. ಐದಾರು ಜನರ ಕೆಲಸವನ್ನು ಒಬ್ಬಳ ತಲೆಗೆ ಕಟ್ಟಿ, ಅದಕ್ಕೆ ದೊಡ್ಡ ಹೆಸರೊಂದನ್ನು ಕೊಟ್ಟಿದ್ದಾರೆ. ಆ ಹೆಸರು ಇನ್ನೊಂದು ಬಾಗಿಲಲ್ಲಿ ಕವಡೆ ಕಾಸಿಗೂ ಬಾಳುವುದಿಲ್ಲ. ಸುದ್ದಿವಾಹಿನಿಗೆ ಹೋದರೆ ಎಡಿಟರ್ ಎಂದರೆ ಸುದ್ದಿಮನೆಯ ಮುಖ್ಯಸ್ಥರು, ಕತ್ತಲೆ ಕೋಣೆಯಲ್ಲಿ ದೃಶ್ಯ ಜೋಡಿಸುವವರು ವಿಡಿಯೋ ಎಡಿಟರ್. ಈ ಗೊಂದಲ ಕನ್ನಡದಲ್ಲಿ ಇರಲೇ ಇಲ್ಲ. ಪತ್ರಿಕೆಗೆ ಸಂಪಾದಕರು, ಚಿತ್ರಕ್ಕೆ ಸಂಕಲನಕಾರರು. ಇಷ್ಟು ಸ್ಪಷ್ಟವಾದ ಎರಡು ಪದಗಳು ಕೈಯಲ್ಲಿದ್ದೂ ನಾವು ನೇಮಕಾತಿ ಪತ್ರದಲ್ಲಿ ಅವನ್ನು ಬಳಸುವುದಿಲ್ಲ.

ಹೆಸರಿನಲ್ಲೇನಿದೆ, ಕೆಲಸ ಮುಖ್ಯ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಸಣ್ಣ ಸಂಸ್ಥೆಗಳು ಪ್ರತಿ ಕೆಲಸಕ್ಕೂ ಒಬ್ಬೊಬ್ಬರನ್ನು ಇಟ್ಟುಕೊಳ್ಳಲಾರವು ಎಂಬುದೂ ನಿಜ. ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮಾಡಿಸುವ ಕೆಲಸವನ್ನು ಜಾಹೀರಾತಿನಲ್ಲಿ ಬಿಡಿಸಿ ಬರೆಯಲು ಖರ್ಚೇನಿದೆ? ಹೆಸರಿಗೆ ಬೆಲೆಯಿಲ್ಲ ಎನ್ನುವವರೇ ಸಂಬಳ ನಿಗದಿ ಮಾಡುವಾಗ, "ನೀನು ಬರೀ ಅಸಿಸ್ಟೆಂಟ್ ಅಲ್ವಾ" ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಬೇಕು. 11 ವರ್ಷಗಳ ಹಿಂದೆ ನಾನೊಂದು ದೈನಂದಿನ ಧಾರಾವಾಹಿಗೆ ಕೆಲಸ ಮಾಡುತ್ತಿದ್ದಾಗ ಜೊತೆಗೊಬ್ಬ ಹುಡುಗನಿದ್ದ. ಕ್ಲ್ಯಾಪ್ ಬಡಿದ ಫ್ರೇಮು ಹುಡುಕಿ ಧ್ವನಿ ಕೂಡಿಸುವುದು, ಟೇಕುಗಳನ್ನು ವಿಂಗಡಿಸಿಡುವುದು ಅವನ ಕೆಲಸ. ನಾನು ಸಿನಿಮಾವೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದ ಎರಡು ತಿಂಗಳು ಪೂರ್ತಿ ಸಂಚಿಕೆಗಳನ್ನು ಅವನೇ ಕಟ್ ಮಾಡಿದ. ಟೈಟಲ್ ಕಾರ್ಡಿನಲ್ಲಿ "ಸಂಕಲನ" ಎಂದು ನನ್ನ ಹೆಸರೇ ಹೋಗುತ್ತಿತ್ತು, ಅವನ ಹೆಸರು ಎಲ್ಲೂ ಇರಲಿಲ್ಲ. ಮುಂದೆ ಬೇರೆ ಕಡೆ ಸಂಕಲನಕಾರನ ಕೆಲಸ ಕೇಳಿದಾಗ ಅವನ ಬಳಿ ತೋರಿಸಲು ಏನೂ ಇರಲಿಲ್ಲ. ನಾನು ಫೋನಿನಲ್ಲಿ ಹೇಳಿದ ಮಾತನ್ನು ಅವರು ನಂಬಲಿಲ್ಲ. ಈಗ ಅವನು ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೇಳಿ ಒಂದು ಸಾಲು ಹಾಕಿಸುವುದು ನನ್ನ ಕೈಯಲ್ಲಿತ್ತು, ಹಾಕಿಸಲಿಲ್ಲ.

ಹಾಸನದ ಹುಡುಗಿ ರಾತ್ರಿ ಹೊಸ ಬಯೋಡೇಟಾ ಕಳಿಸಿದ್ದಾಳೆ. "ಸೀನಿಯರ್ ಎಡಿಟರ್" ಎಂಬುದನ್ನು ತೆಗೆದು, ಯಾವ ವಿಡಿಯೋದಲ್ಲಿ ಯಾವ ಕೆಲಸ ತನ್ನದು ಎಂದು ಒಂದೊಂದಾಗಿ ಬರೆದಿದ್ದಾಳೆ. ಆಕೆಯ ಕಟ್‌ಗಳನ್ನು ನೋಡಿದೆ, ಮಾತು ಎಲ್ಲಿ ನಿಲ್ಲಬೇಕೆಂಬುದು ಆಕೆಗೆ ತಿಳಿದಿದೆ. ಆಫ್‌ಲೈನ್ ಎಡಿಟರ್ ಬೇಕಿರುವವರು ನನಗೆ ಸಂದೇಶ ಕಳಿಸಿ. ಮಾಡಬೇಕಾದ ಕೆಲಸವೇನು, ಸಂಬಳವೆಷ್ಟು, ಟೈಟಲ್ ಕಾರ್ಡಿನಲ್ಲಿ ಹೆಸರು ಯಾವ ಪದದ ಕೆಳಗೆ ಬರುತ್ತದೆ ಎಂಬುದನ್ನು ಅದರಲ್ಲೇ ಬರೆಯಿರಿ.