ಸಕ್ಕರೆ ಅಚ್ಚು ಗಟ್ಟಿಯಾಗಲಿಲ್ಲವೇ? ಕಲಬೆರಕೆ ಎನ್ನುವ ಮುಂಚೆ

ಸಂಕ್ರಾಂತಿ ಹತ್ತಿರ ಬಂದರೆ ಈ ಸಂದೇಶ ಮತ್ತೆ ಮೊಬೈಲ್‌ಗಳಲ್ಲಿ ಓಡಾಡುತ್ತದೆ: "ಪಾಕಕ್ಕೆ ಹಾಲು ಹಾಕಿದಾಗ ಬೂದು ನೊರೆ ಬಂದರೆ ಸಕ್ಕರೆಯಲ್ಲಿ ಪ್ಲಾಸ್ಟಿಕ್ ಇದೆ. ಅಚ್ಚು ಗಟ್ಟಿಯಾಗದಿದ್ದರೆ ಅದೇ ಸಾಕ್ಷಿ."

ಎರಡೂ ತಪ್ಪು. ಹಾಲು ಹಾಕುವುದೇ ಆ ನೊರೆ ಬರಲೆಂದು. ಕುದಿಯುವ ಪಾಕದಲ್ಲಿ ಹಾಲಿನ ಪ್ರೋಟೀನ್ ಗಟ್ಟಿಯಾಗಿ, ಸಕ್ಕರೆಯಲ್ಲಿದ್ದ ಸಣ್ಣ ಕಸವನ್ನು ಹಿಡಿದುಕೊಂಡು ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳುಬಟ್ಟೆಯಲ್ಲಿ ಸೋಸಿದರೆ ಅಚ್ಚು ಬೆಳ್ಳಗೆ ಬರುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ.

ಇನ್ನು ಗಟ್ಟಿಯಾಗದ ಮಾತು. ಇದು ಪಾಕದ ಹದದ ಲೆಕ್ಕ. ಕುದಿದಷ್ಟೂ ನೀರು ಆವಿಯಾಗಿ ಪಾಕದ ಬಿಸಿ ಏರುತ್ತದೆ. 115 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರಲ್ಲಿ ಸುಮಾರು ಶೇ. 85ರಷ್ಟು ಸಕ್ಕರೆಯೇ. ಅದಕ್ಕೂ ಮುಂಚೆಯೇ ಇಳಿಸಿದರೆ ನೀರು ಉಳಿದು ಅಚ್ಚು ಮೆತ್ತಗೇ ಇರುತ್ತದೆ. ನಿಂಬೆರಸ ಹೆಚ್ಚಾದರೂ ಹಾಗೆಯೇ: ಹುಳಿ ಸಕ್ಕರೆಯ ಒಂದು ಭಾಗವನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವು ಹರಳುಗಟ್ಟುವುದನ್ನು ತಡೆಯುತ್ತವೆ. ಪಾಕ ಬೆಳ್ಳಗಾಗುವವರೆಗೆ ಕೈಬಿಡದೆ ತಿರುವುವುದೂ ಆ ಹರಳಿಗಾಗಿಯೇ.

ಪಾತ್ರೆಯಲ್ಲೇ ಗಟ್ಟಿಯಾಯಿತೇ? ಎಸೆಯಬೇಡಿ. ಸ್ವಲ್ಪ ನೀರು ಹಾಕಿ ಕರಗಿಸಿ, ಮತ್ತೆ ಕುದಿಸಿ. ಮುರಿದ ಆನೆ, ಸೊಂಡಿಲಿಲ್ಲದ ಗಣಪ, ಎಲ್ಲವನ್ನೂ ಹೀಗೆಯೇ ಉಳಿಸಬಹುದು. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿಟ್ಟಿದ್ದರೆ ಗೊಂಬೆ ಅಂಟದೆ ಬಿಡಿಸಿಕೊಳ್ಳುತ್ತದೆ.

ಕಲಬೆರಕೆಯ ಅನುಮಾನ ನಿಜಕ್ಕೂ ಇದ್ದರೆ ಒಂದು ಚಮಚ ಸಕ್ಕರೆಯನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ ನೋಡಿ. ಸೀಮೆಸುಣ್ಣದ ಪುಡಿ ಬೆರೆತಿದ್ದರೆ ತಳದಲ್ಲಿ ಕೂರುತ್ತದೆ.