ಸತ್ಯಾಂಶ: ಪಾರ್ಶ್ವವಾಯುವಿಗೆ ‘ಆರು ತಿಂಗಳ ಗಡುವು’ ಇದೆಯೇ?

“ಲಕ್ವ ಹೊಡೆದು ಆರು ತಿಂಗಳಲ್ಲಿ ಕೈ ಏಳದಿದ್ದರೆ ಮುಂದೆ ಏಳುವುದಿಲ್ಲ, ವ್ಯಾಯಾಮಕ್ಕೆ ಹಣ ಸುರಿಯಬೇಡಿ.” ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಈ ಸಂದೇಶದಲ್ಲಿ ಅರ್ಧ ಸತ್ಯವಿದೆ, ಜನ ನಂಬುವುದು ಅದಕ್ಕೇ.

ಮೊದಲ ಮೂರು ತಿಂಗಳು ಚೇತರಿಕೆ ಚುರುಕಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಲ್ಲುವುದಿಲ್ಲ. ಮಿದುಳಿನಲ್ಲಿ ಸತ್ತ ಜೀವಕೋಶಗಳು ಮರಳುವುದಿಲ್ಲವಾದರೂ ಉಳಿದ ಭಾಗಗಳು ಹೊಸ ಸಂಪರ್ಕ ಬೆಸೆದುಕೊಂಡು ಅವುಗಳ ಕೆಲಸವನ್ನು ತಕ್ಕಮಟ್ಟಿಗೆ ವಹಿಸಿಕೊಳ್ಳಬಲ್ಲವು. 2006ರಲ್ಲಿ ಪ್ರಕಟವಾದ ಅಮೆರಿಕದ ‘ಎಕ್ಸೈಟ್’ ಅಧ್ಯಯನದಲ್ಲಿ, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದವರ ಸರಿಯಿರುವ ಕೈಗೆ ಗವಸು ತೊಡಿಸಿ, ಎರಡು ವಾರ ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಸುಧಾರಣೆ ವರ್ಷದ ನಂತರವೂ ಉಳಿದಿತ್ತು. (ಅವರ ಸೋತ ಕೈ ತುಸುವಾದರೂ ಅಲುಗಾಡುತ್ತಿತ್ತು ಎಂಬುದನ್ನೂ ಹೇಳಬೇಕು.)

ನಮ್ಮ ಮನೆಗಳಲ್ಲಿ ಅಭ್ಯಾಸದ ಸಾಮಗ್ರಿಗೇನೂ ಬರವಿಲ್ಲ. ಕಾಫಿ ಬೀಜವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಬಟ್ಟಲಿಂದ ಬಟ್ಟಲಿಗೆ ಹಾಕುವುದು. ಸಲೀಸಾದ ಮೇಲೆ ಕರಿಮೆಣಸಿನ ಕಾಳು. ಎಷ್ಟು ಹೊತ್ತು, ಹೇಗೆ ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಲಿ. ಏಳಿಸುವಾಗ ಸೋತ ತೋಳನ್ನು ಹಿಡಿದು ಎಳೆಯಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಸುವ ಸಾಹಸವೂ ಬೇಡ, ಜಗಲಿ ಸಾಕು.

ನಿಜವಾದ ಗಡುವು ಬೇರೆಯೇ ಇದೆ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು, ಅದು ಬೇಕಾದವರಿಗೆ, ಲಕ್ಷಣ ಶುರುವಾದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ತೋಟದ ಒಳದಾರಿ ದಾಟಿ ಮಡಿಕೇರಿ ಮುಟ್ಟುವುದಕ್ಕೇ ಹೊತ್ತು ಹಿಡಿಯುವುದರಿಂದ 108ಕ್ಕೆ ತಕ್ಷಣ ಕರೆ ಮಾಡಿ.