ಮೊದಲ ಲಾಂಗ್ ರೈಡ್‌ಗೆ ಹೊಸ ಗಾಡಿ ಬೇಡ

ಮಳೆ ಕಡಿಮೆಯಾಗಿ ಅಕ್ಟೋಬರ್ ಹತ್ತಿರ ಬಂತು ಅಂದರೆ ನನಗೆ ಒಂದೇ ಪ್ರಶ್ನೆ ಬರೋಕೆ ಶುರುವಾಗುತ್ತದೆ. ಆಫೀಸಿನ ಹುಡುಗರು, ಪಕ್ಕದ ಮನೆಯವರು, ತಂಗಿಯ ಗೆಳತಿಯರು, ಎಲ್ಲರದೂ ಅದೇ. "ಅಣ್ಣಾ, ಬೈಕಲ್ಲಿ ಚಿಕ್ಕಮಗಳೂರು, ಆಗುಂಬೆ, ಉಡುಪಿ ಅಂತ ಒಂದು ರೌಂಡ್ ಹಾಕೋಣ ಅಂತಿದ್ದೀನಿ. ಯಾವ ಗಾಡಿ ತಗೊಳ್ಳಲಿ?"

ಯಾವುದೂ ಬೇಡ. ಮನೆ ಮುಂದೆ ನಿಂತಿರುವ ಗಾಡಿಯಲ್ಲೇ ಹೋಗಿ. ಹೊಸ ಗಾಡಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ಮೈಮೇಲೆ ಹಾಕಿಕೊಳ್ಳುವ ಹೆಲ್ಮೆಟ್, ಜಾಕೆಟ್‌ಗೆ ಖರ್ಚು ಮಾಡಿ.

ದಿನಾ ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಿಸುವ ಗಾಡಿಯ ಬ್ರೇಕ್ ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಅಂತ ನಿಮ್ಮ ಬೆರಳಿಗೆ ಗೊತ್ತು. ಕ್ಲಚ್ ಎಲ್ಲಿ ಕಚ್ಚುತ್ತದೆ, ಮರಳಿನ ಮೇಲೆ ಹಿಂದಿನ ಚಕ್ರ ಹೇಗೆ ಜಾರುತ್ತದೆ, ಇದೆಲ್ಲ ಯೋಚಿಸದೆ ಗೊತ್ತಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಕೆಲಸಕ್ಕೆ ಬರುವುದು ಆ ಅಭ್ಯಾಸವೇ. ಹೊಸ ಗಾಡಿಯನ್ನು ಅರ್ಥ ಮಾಡಿಕೊಳ್ಳುವ ಜಾಗ ಅದಲ್ಲ.

150 ಸಿಸಿ ಗಾಡಿ ಅಷ್ಟು ದೂರ ಹೋಗುತ್ತಾ ಅಂತ ಕೇಳುತ್ತಾರೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 250 ಕಿಲೋಮೀಟರ್. ನೆಲಮಂಗಲ ದಾಟಿದ ಮೇಲೆ ಹಾಸನದವರೆಗೆ ಒಳ್ಳೆ ಹೈವೇ. ಎಪ್ಪತ್ತು ಎಂಬತ್ತರ ವೇಗದಲ್ಲಿ, ನಡುವೆ ಎರಡು ಮೂರು ಕಡೆ ಟೀಗೆ ನಿಂತುಕೊಂಡು ಹೋದರೆ ಸಣ್ಣ ಎಂಜಿನ್‌ಗೆ ಏನೂ ಕಷ್ಟ ಇಲ್ಲ. ಹಿಂದೆ ಒಬ್ಬರು ಕೂತು, ಎರಡೂ ಕಡೆ ಬ್ಯಾಗ್ ಇದ್ದರೆ ಮಾತು ಬೇರೆ. ಲಾರಿ ಓವರ್‌ಟೇಕ್ ಮಾಡುವಾಗ ಎಂಜಿನ್‌ನಲ್ಲಿ ಇನ್ನೂ ಸ್ವಲ್ಪ ಶಕ್ತಿ ಉಳಿದಿರಬೇಕು. ಗಾಡಿ ಬದಲಿಸುವುದಕ್ಕೆ ನಾನು ಒಪ್ಪುವ ಇನ್ನೊಂದು ಕಾರಣ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಅದು ಕಡ್ಡಾಯ. ನಿಮ್ಮದು ಅದಕ್ಕಿಂತ ಹಳೆಯದಾಗಿ ಎಬಿಎಸ್ ಇಲ್ಲದಿದ್ದರೆ ಬದಲಿಸಿ, ನಾನು ಬೇಡ ಅನ್ನಲ್ಲ.

ಬದಲಿಸಲೇಬೇಕು ಅಂದರೆ ಸಿಸಿ ನೋಡುವ ಮುಂಚೆ ಸೀಟಿನ ಎತ್ತರ ಮತ್ತು ತೂಕ ನೋಡಿ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ತುಂಬಾ ಒಳ್ಳೆ ಗಾಡಿ. ಆದರೆ ಸೀಟ್ 825 ಮಿಲಿಮೀಟರ್ ಎತ್ತರ, ತೂಕ 196 ಕೆಜಿ. ಅದೇ ಕಂಪನಿಯ ಮೀಟಿಯರ್ 350ರ ಸೀಟ್ 765 ಮಿಲಿಮೀಟರ್. ಐದೂಕಾಲು ಅಡಿಯವರಿಗೆ ಈ ಆರು ಸೆಂಟಿಮೀಟರ್ ದೊಡ್ಡ ವಿಷಯ. ಟೆಸ್ಟ್ ರೈಡ್‌ನಲ್ಲಿ ಇದು ಗೊತ್ತಾಗಲ್ಲ. ಲಗೇಜ್ ಕಟ್ಟಿಕೊಂಡು, ಜಲ್ಲಿ ಹಾಕಿದ ಇಳಿಜಾರಿನಲ್ಲಿ ಗಾಡಿ ತಿರುಗಿಸುವಾಗ ಗೊತ್ತಾಗುತ್ತದೆ. ಅದಕ್ಕೆ ಶೋರೂಮಿನಲ್ಲೇ ಗಾಡಿ ಮೇಲೆ ಕೂತು, ಸ್ಟ್ಯಾಂಡ್ ತೆಗೆದು, ಕಾಲಿನಿಂದಲೇ ಹಿಂದಕ್ಕೆ ತಳ್ಳಿ ನೋಡಿ. ಮುಂಗಾಲಷ್ಟೇ ನೆಲಕ್ಕೆ ತಾಗುತ್ತಿದ್ದರೆ ಮೊದಲ ಟ್ರಿಪ್‌ಗೆ ಅದು ಬೇಡ.

ಈಗ ದುಡ್ಡು ಎಲ್ಲಿ ಹಾಕಬೇಕು ಅಂತ ಹೇಳುತ್ತೇನೆ. ಮೊದಲು ಹೆಲ್ಮೆಟ್. ಐಎಸ್ 4151 ಅಂತ ಐಎಸ್‌ಐ ಗುರುತು ಇರಲೇಬೇಕು. ಯುರೋಪಿನ ಹೆಲ್ಮೆಟ್ ಸುರಕ್ಷತಾ ಗುರುತು ಇಸಿಇ 22.06 ಕೂಡ ಇದ್ದರೆ ಇನ್ನೂ ಒಳ್ಳೆಯದು. ಆದರೆ ಬೆಲೆ, ಗುರುತು ಎಲ್ಲಕ್ಕಿಂತ ಮುಖ್ಯ ಅಳತೆ. ನಮ್ಮಲ್ಲಿ ಹೆಚ್ಚಿನವರು ಒಂದು ಸೈಜ್ ದೊಡ್ಡದನ್ನೇ ಹಾಕುತ್ತಾರೆ. ಅಂಗಡಿಯಲ್ಲಿ ಹಾಕಿ ನೋಡುವಾಗ ಹಿತವಾಗಿರುತ್ತದೆ, ಅದಕ್ಕೆ. ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು, ಮಾತಾಡುವಾಗ ಒಳಗಿನಿಂದ ಕೆನ್ನೆ ಹಲ್ಲಿಗೆ ತಾಗುವಷ್ಟು. ಸ್ಪಂಜ್ ದಿನ ಕಳೆದಂತೆ ಸಡಿಲವಾಗುತ್ತದೆ. ಸ್ಟ್ರಾಪ್ ಹಾಕಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ. ಕಳಚಿ ಬಂದರೆ ಸೈಜ್ ತಪ್ಪು. ಹಾಗೇ ಹತ್ತು ಹದಿನೈದು ನಿಮಿಷ ಹಾಕಿಕೊಂಡು ಅಂಗಡಿಯಲ್ಲೇ ಓಡಾಡಿ. ತೆಗೆದಾಗ ಹಣೆಯ ಮಧ್ಯೆ ಒಂದೇ ಕಡೆ ಕೆಂಪಗೆ ಗುರುತು ಬಿದ್ದು ನೋಯುತ್ತಿದ್ದರೆ ಅದರ ಆಕಾರ ನಿಮ್ಮ ತಲೆಗೆ ಹೊಂದಲ್ಲ. ಹಾಸನ ತಲುಪುವಷ್ಟರಲ್ಲಿ ತಲೆನೋವು ಗ್ಯಾರಂಟಿ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಇನ್ನೊಂದು ಕೇಳಿ.

ಆಮೇಲೆ ಗ್ಲೌಸ್. ಬಿದ್ದಾಗ ಯಾರೇ ಆದರೂ ಮೊದಲು ಅಂಗೈ ಊರುತ್ತಾರೆ. ಅಂಗೈ ಬುಡದಲ್ಲಿ ಗಟ್ಟಿ ಪ್ಯಾಡ್, ಮಣಿಕಟ್ಟಿಗೆ ಬಿಗಿಯುವ ಪಟ್ಟಿ, ಇವೆರಡೂ ಇರಬೇಕು. ಕಾಲಿಗೆ ಕಣಕಾಲು ಮುಚ್ಚುವ ಶೂ.

ಜಾಕೆಟ್‌ನ ಲೇಬಲ್‌ನಲ್ಲಿ ಎ, ಎಎ, ಎಎಎ ಅಂತ ಇರುತ್ತದೆ. ಎ ಜಾಸ್ತಿಯಾದಷ್ಟೂ ಬಟ್ಟೆ ರಸ್ತೆಯ ಉಜ್ಜಾಟ ತಡೆಯುತ್ತದೆ. ಒಳಗಿನ ಪ್ಯಾಡ್‌ಗಳಲ್ಲಿ ಲೆವೆಲ್ 2 ಅನ್ನುವುದು ಲೆವೆಲ್ 1ಕ್ಕಿಂತ ಚೆನ್ನಾಗಿ ಪೆಟ್ಟು ತಡೆಯುತ್ತದೆ. ಹಾಕಿಕೊಂಡು ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ, ಇನ್ನೊಂದು ಕೈಯಿಂದ ಮೊಣಕೈ ಪ್ಯಾಡ್ ತಿರುಗಿಸಿ ನೋಡಿ. ಅದು ಪಕ್ಕಕ್ಕೆ ಜಾರಿದರೆ ಬಿದ್ದಾಗಲೂ ಜಾರುತ್ತದೆ. ಆಗ ಲೆವೆಲ್ ಎಷ್ಟಿದ್ದರೂ ಅಷ್ಟೇ. ಕರಾವಳಿಗೆ ಇಳಿಯುವವರು ಗಾಳಿಯಾಡುವ ಮೆಶ್ ಜಾಕೆಟ್ ತಗೊಳ್ಳಿ, ಉಡುಪಿ ಬಿಸಿಲಿಗೆ ಬೇರೆಯದು ನಡೆಯಲ್ಲ. ಮಳೆಗೆ ಜಾಕೆಟ್ ಒಳಗೆ ಹಾಕುವ ಲೈನರ್ ನನಗೆ ಇಷ್ಟವಿಲ್ಲ. ಮೈ ಒಣಗಿದ್ದರೂ ಜಾಕೆಟ್ ನೆನೆದು ಭಾರವಾಗಿ ಚಳಿ ಹಿಡಿಯುತ್ತದೆ. ಆಗುಂಬೆ ಕಡೆ ಅಕ್ಟೋಬರ್‌ನಲ್ಲೂ ಮಳೆ ಬರುತ್ತದೆ. ಜಾಕೆಟ್ ಮೇಲೆಯೇ ಹಾಕುವಷ್ಟು ದೊಡ್ಡ ರೇನ್‌ಕೋಟ್, ಪ್ಯಾಂಟ್ ಸಮೇತ, ಬ್ಯಾಗಿನ ಎಲ್ಲಕ್ಕಿಂತ ಮೇಲಿರಲಿ.

ಇಷ್ಟಾದ ಮೇಲೂ ದುಡ್ಡು ಉಳಿದರೆ ಎಕ್ಸ್‌ಟ್ರಾ ಲೈಟ್, ಕ್ರ್ಯಾಶ್ ಗಾರ್ಡ್ ಅಂತ ಹೋಗಬೇಡಿ, ಟಯರ್ ನೋಡಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಅಂದರೆ 2022ರ 23ನೇ ವಾರ ತಯಾರಾಗಿದ್ದು. ತುಂಬಾ ಹಳೆಯದಾಗಿದ್ದರೆ, ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಟಯರ್ ಮೇಲಿನ ಗೀರು (ಟ್ರೆಡ್) ಸವೆಯದೆ ಚೆನ್ನಾಗಿದ್ದರೂ ಬದಲಿಸಿ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್, ಸಣ್ಣ ಪಂಪ್ ಸಾಕು. ಕಡ್ಡಿ ಚಕ್ರ, ಟ್ಯೂಬ್ ಇರುವ ಗಾಡಿಯಾದರೆ ಒಂದು ಟ್ಯೂಬ್ ಜೊತೆಗಿರಲಿ, ಚಕ್ರ ಬಿಚ್ಚುವುದನ್ನು ನಿಮ್ಮ ಮೆಕ್ಯಾನಿಕ್ ಹತ್ತಿರ ಕೂತು ಕಲಿತುಕೊಳ್ಳಿ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಪಂಕ್ಚರ್ ಅಂಗಡಿ ಹುಡುಕಿಕೊಂಡು ನಿಲ್ಲುವ ಹಾಗಾಗಬಾರದು. ಒಂದು ಕ್ಲಚ್ ಕೇಬಲ್, ಚೈನ್‌ಗೆ ಹಾಕುವ ಲೂಬ್ ಕೂಡ ಇಟ್ಟುಕೊಳ್ಳಿ.

ಮೈಸೂರು ಕಡೆ ಹೊರಡುವವರಿಗೆ ಒಂದು ಮಾತು. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಅಲ್ಲಿಂದ ಮುಂದೆ ಹೋಗುವುದಾದರೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಮುಚ್ಚಿರುತ್ತದೆ. ಸಮಯ ಲೆಕ್ಕ ಹಾಕಿ ಹೊರಡಿ.

ಹೊರಡುವ ಹಿಂದಿನ ಭಾನುವಾರ ಪೂರ್ತಿ ಲಗೇಜ್ ಕಟ್ಟಿ, ಹೆಲ್ಮೆಟ್, ಜಾಕೆಟ್, ಗ್ಲೌಸ್ ಎಲ್ಲ ಹಾಕಿಕೊಂಡು ತುಮಕೂರು ಹತ್ತಿರದ ದೇವರಾಯನದುರ್ಗಕ್ಕೆ ಹೋಗಿ ಬನ್ನಿ. ಹೈವೇನೂ ಸಿಗುತ್ತದೆ, ಬೆಟ್ಟದ ತಿರುವೂ ಸಿಗುತ್ತದೆ. ಬ್ಯಾಗ್ ಸೈಲೆನ್ಸರ್‌ಗೆ ತಾಗುತ್ತಿದೆಯಾ, ಹಗ್ಗದ ತುದಿ ಚಕ್ರದ ಕಡೆ ಜೋತಾಡುತ್ತಿದೆಯಾ, ಬೆನ್ನು ಎಲ್ಲಿ ಹಿಡಿಯುತ್ತಿದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಸರಿ ಮಾಡಿಕೊಳ್ಳುವುದಕ್ಕೆ ಇನ್ನೂ ಒಂದು ವಾರ ಇರುತ್ತದೆ.